ಹೊಟ್ಟೆ ಡಾಕ್ಟರ ಮುಂದೆ ಕಷಾಯದ ಮಾತು ಎತ್ತಬಹುದಾ?

"ಬೇರೆ ಏನಾದರೂ ತಗೋತಾ ಇದ್ದೀರಾ?" ಅಂತ ಡಾಕ್ಟರು ಕೇಳಿದರು. "ಇಲ್ಲ ಮೇಡಂ" ಅಂದೆ. ಅಪ್ಪಟ ಸುಳ್ಳು. ಬ್ಯಾಗಿನಲ್ಲಿ ಚೂರ್ಣದ ಡಬ್ಬಿ ಇತ್ತು, ಬೆಳಿಗ್ಗೆ ಅಮ್ಮ ಬಲವಂತ ಮಾಡಿ ಕುಡಿಸಿದ ಇಂಗಿನ ಮಜ್ಜಿಗೆ ಹೊಟ್ಟೆಯಲ್ಲಿತ್ತು, ಮೊಬೈಲಿನಲ್ಲಿ ಚಿಕ್ಕಮ್ಮ ಕಳಿಸಿದ ಬಿಲ್ವದಕಾಯಿ ಕಷಾಯದ ವಿಡಿಯೊ ಇತ್ತು. ಸುಳ್ಳು ಯಾಕೆ ಹೇಳಿದೆ ಅಂದರೆ, ಹಿಂದಿನ ಡಾಕ್ಟರ ಹತ್ತಿರ ನಿಜ ಹೇಳಿ ಬೈಸಿಕೊಂಡಿದ್ದೆ. "ಹಾಗಾದ್ರೆ ಅಲ್ಲಿಗೇ ಹೋಗಿ, ಇಲ್ಲಿಗ್ಯಾಕೆ ಬಂದ್ರಿ" ಅಂದಿದ್ದರು. ಅದಕ್ಕೂ ಮೊದಲಿನವರು ಚೀಟಿ ಬರೆಯುತ್ತಲೇ, ತಲೆ ಎತ್ತದೆ, "ತಗೊಳ್ಳಿ ತಗೊಳ್ಳಿ, ಏನೂ ಆಗಲ್ಲ" ಅಂದಿದ್ದರು. ಆಗ ನನಗೆ ಈ "ತಗೊಳ್ಳಿ" ಅಂದವರೇ ದೊಡ್ಡ ಮನಸ್ಸಿನವರು ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ನಾನು ನುಂಗುತ್ತಿರುವುದು ಏನು ಅಂತಲೇ ಕೇಳದೆ ಏನೂ ಆಗಲ್ಲ ಅನ್ನುವುದಕ್ಕೂ, ಬೈದು ಕಳಿಸುವುದಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ. ಇಬ್ಬರಿಗೂ ಡಬ್ಬಿ ನೋಡುವ ಆಸಕ್ತಿ ಇರಲಿಲ್ಲ.

ನನ್ನ ಕಾಯಿಲೆಯ ಹೆಸರು ಐಬಿಎಸ್, ಇರಿಟಬಲ್ ಬವೆಲ್ ಸಿಂಡ್ರೋಮ್. ನಮ್ಮ ಕಡೆ ಹೊಟ್ಟೆಗೆ ಸಂಬಂಧಪಟ್ಟ ಎಲ್ಲದಕ್ಕೂ "ಗ್ಯಾಸ್ಟ್ರಿಕ್" ಅಂತ ಒಂದೇ ಹೆಸರು ಇರುವುದರಿಂದ ಇದನ್ನು ಬೇರೆ ಮಾಡಿ ಹೇಳುವುದೇ ಕಷ್ಟ. ಹೊಟ್ಟೆ ಹಿಡಿದುಕೊಂಡ ಹಾಗೆ ನೋವು, ಅದರ ಜೊತೆಗೆ ಭೇದಿ ಅಥವಾ ಮಲಬದ್ಧತೆ ಅಥವಾ ಒಂದು ವಾರ ಅದು ಒಂದು ವಾರ ಇದು. ಟಾಯ್ಲೆಟ್‌ಗೆ ಹೋಗಿ ಬಂದರೆ ನೋವು ಕಮ್ಮಿ ಆಗಬಹುದು, ಒಮ್ಮೊಮ್ಮೆ ಜಾಸ್ತಿಯೂ ಆಗಬಹುದು. ಸ್ಕ್ಯಾನ್ ಮಾಡಿಸಿ, ಎಂಡೋಸ್ಕೋಪಿ ಮಾಡಿಸಿ, ಕೊಲೊನೋಸ್ಕೋಪಿ ಮಾಡಿಸಿ, ರಿಪೋರ್ಟು ಮಾತ್ರ ನಾರ್ಮಲ್. ಡಾಕ್ಟರುಗಳು ಒಪ್ಪಿಕೊಂಡಿರುವ ಲೆಕ್ಕಕ್ಕೆ ರೋಮ್ ಮಾನದಂಡ ಅಂತ ಹೆಸರು. 2016ರಲ್ಲಿ ಬಂದ ಅದರ ನಾಲ್ಕನೇ ಆವೃತ್ತಿ ಪ್ರಕಾರ, ಕಳೆದ 3 ತಿಂಗಳಲ್ಲಿ ಸರಾಸರಿ ವಾರಕ್ಕೆ ಒಂದು ದಿನವಾದರೂ ಹೊಟ್ಟೆನೋವು ಇರಬೇಕು. ಅದು ಮಲವಿಸರ್ಜನೆಗೆ, ಅದು ಎಷ್ಟು ಸಲ ಆಗುತ್ತದೆ ಅನ್ನುವುದಕ್ಕೆ, ಮಲ ಯಾವ ರೂಪದಲ್ಲಿದೆ ಅನ್ನುವುದಕ್ಕೆ, ಈ ಮೂರರಲ್ಲಿ ಎರಡಕ್ಕಾದರೂ ತಳಕು ಹಾಕಿಕೊಂಡಿರಬೇಕು. ತೊಂದರೆ ಶುರುವಾಗಿ ಕನಿಷ್ಠ 6 ತಿಂಗಳು ಆಗಿರಬೇಕು.

ರಿಪೋರ್ಟು ನಾರ್ಮಲ್ ಅಂದ ಕೂಡಲೇ ಮನೆಯವರು "ಎಲ್ಲಾ ನಿನ್ನ ಮನಸ್ಸಿಂದ" ಅಂತಾರೆ. ಅಲ್ಲ. 1973ರಲ್ಲಿ ಇಂಗ್ಲೆಂಡಿನಲ್ಲಿ ರಿಚೀ ಅನ್ನುವ ವೈದ್ಯ ಒಂದು ಸರಳವಾದ, ಸ್ವಲ್ಪ ಕ್ರೂರವೂ ಆದ ಪರೀಕ್ಷೆ ಮಾಡಿದರು. ದೊಡ್ಡ ಕರುಳಿನ ಕೊನೆಯ ಭಾಗದೊಳಗೆ ಒಂದು ಪುಟ್ಟ ಬಲೂನು ಇಟ್ಟು ಗಾಳಿ ತುಂಬಿಸಿದರು. ಬಲೂನು 60 ಮಿಲಿಲೀಟರ್‌ಗೆ ಬಂದಾಗ ಬೇರೆಯವರಲ್ಲಿ ನೂರಕ್ಕೆ 6 ಜನಕ್ಕೆ ನೋವಾಯಿತು. ಐಬಿಎಸ್ ಇರುವವರಲ್ಲಿ ನೂರಕ್ಕೆ 55 ಜನಕ್ಕೆ. ಅದೇ ಬಲೂನು, ಅಷ್ಟೇ ಗಾಳಿ. ಅಂದರೆ ಕರುಳಿನಲ್ಲಿ ಹುಣ್ಣಿಲ್ಲ, ಗಂಟಿಲ್ಲ, ಆದರೆ ಕರುಳಿನಿಂದ ಮೆದುಳಿಗೆ ಹೋಗುವ ಸುದ್ದಿಯ ವಾಲ್ಯೂಮ್ ಯಾರೋ ಜಾಸ್ತಿ ಮಾಡಿ ಇಟ್ಟಿದ್ದಾರೆ. ಮಾಮೂಲಿ ಗ್ಯಾಸು ಪಕ್ಕದ ಮನೆಯವನಿಗೆ ಗೊತ್ತೇ ಆಗುವುದಿಲ್ಲ, ನಮಗೆ ಅದು ಚಾಕು ಹಾಕಿದ ಹಾಗೆ. ಅದಕ್ಕೇ ಈಗ ಇದನ್ನು ಕರುಳು-ಮೆದುಳಿನ ಮಾತುಕತೆ ಕೆಟ್ಟ ಕಾಯಿಲೆ ಅಂತಲೇ ಕರೆಯುತ್ತಾರೆ. ಕೆಲವರಿಗೆ ಇದು ಒಂದು ಜೋರು ವಾಂತಿಭೇದಿಯಾದ ಮೇಲೆ ಅಂಟಿಕೊಳ್ಳುತ್ತದೆ. 2000ನೇ ಇಸವಿಯಲ್ಲಿ ಕೆನಡಾದ ವಾಕರ್ಟನ್ ಅನ್ನುವ ಊರಿನ ಕುಡಿಯುವ ನೀರಿಗೆ ರೋಗಾಣು ಸೇರಿ ಸಾವಿರಾರು ಜನ ಮಲಗಿದರು. ಆಮೇಲೆ ವರ್ಷಗಟ್ಟಲೆ ಅವರ ಹಿಂದೆ ಬಿದ್ದು ನೋಡಿದಾಗ, ಅವತ್ತು ಹೊಟ್ಟೆ ಕೆಟ್ಟವರಲ್ಲಿ ಐಬಿಎಸ್ ಎದ್ದು ಕಾಣುವಷ್ಟು ಜಾಸ್ತಿ ಇತ್ತು.

ಈಗ ವಿಷಯಕ್ಕೆ ಬರೋಣ. ಹೃದಯದ ಡಾಕ್ಟರ ಹತ್ತಿರ "ಸ್ಟೆಂಟ್ ಬದಲು ಯೋಗ ಮಾಡಲಾ" ಅಂದರೆ ಅವರು ಕುರ್ಚಿಯಿಂದ ಏಳುತ್ತಾರೆ. ಹೊಟ್ಟೆ ಡಾಕ್ಟರ ಹತ್ತಿರ ಐಬಿಎಸ್‌ಗೆ ಯೋಗ ಮಾಡಲಾ ಅಂದರೆ ಬಹಳಷ್ಟು ಜನ "ಮಾಡಿ" ಅಂತಾರೆ. ಒಂದು ಕಾರಣ, ಅವರ ಕೈಯಲ್ಲಿರುವ ಮಾತ್ರೆಗಳೇ ಅಂಥಾ ಪ್ರಚಂಡವಲ್ಲ. ಕೆಲವು ನೋವು ಇಳಿಸುತ್ತವೆ, ಕೆಲವು ಭೇದಿ ನಿಲ್ಲಿಸುತ್ತವೆ, ಕಾಯಿಲೆಯನ್ನು ಬುಡಸಮೇತ ಕೀಳುವ ಮಾತ್ರೆ ಒಂದೂ ಇಲ್ಲ. ಇನ್ನು ಆತುರದಲ್ಲಿ ಬಂದು ಮುಖಭಂಗ ಆದವೂ ಇವೆ. ಅಲೋಸೆಟ್ರಾನ್ ಅನ್ನುವ ಔಷಧಿಗೆ ಅಮೆರಿಕದಲ್ಲಿ 2000ದ ಫೆಬ್ರವರಿಯಲ್ಲಿ ಒಪ್ಪಿಗೆ ಸಿಕ್ಕಿತು, ಅದೇ ವರ್ಷ ನವೆಂಬರ್‌ನಲ್ಲಿ ವಾಪಸ್ ಹೋಯಿತು. ಕೆಲವರಿಗೆ ಕರುಳಿಗೆ ರಕ್ತ ಹೋಗುವುದೇ ಕಮ್ಮಿಯಾಗಿ ಅಪಾಯ ಆಗಿತ್ತು. 2002ರಲ್ಲಿ ಕಟ್ಟುನಿಟ್ಟು ಹಾಕಿ ಮತ್ತೆ ತಂದರು. ಟೆಗಾಸೆರಾಡ್ ಅನ್ನುವ ಇನ್ನೊಂದು ಔಷಧಿ 2007ರಲ್ಲಿ ಅಮೆರಿಕದ ಮಾರುಕಟ್ಟೆ ಬಿಟ್ಟಿತು, ಅದು ಹೃದಯದ ಭಯಕ್ಕೆ. ಹೀಗಾಗಿ "ನಮ್ಮದು ಸೈನ್ಸು, ನಿಮ್ಮದು ಮೂಢನಂಬಿಕೆ" ಅಂತ ಎದೆ ತಟ್ಟಿಕೊಳ್ಳಲು ಈ ಕಾಯಿಲೆಯಲ್ಲಿ ಯಾರಿಗೂ ಅಷ್ಟು ಧೈರ್ಯ ಬರುವುದಿಲ್ಲ.

ಇನ್ನೊಂದು ಕಾರಣ ನನಗೆ ಇನ್ನೂ ಮಜಾ ಅನ್ನಿಸುತ್ತದೆ. ಈಗ ಡಾಕ್ಟರುಗಳು ಧೈರ್ಯವಾಗಿ ಬರೆದುಕೊಡುವ ಐಬಿಎಸ್ ಚಿಕಿತ್ಸೆಗಳಲ್ಲಿ ಎಷ್ಟೋ ಮೊದಲು "ಬೇರೆ ಸಾಲಿನಲ್ಲಿ" ನಿಂತಿದ್ದವು. ಇಸಬ್ಗೋಲನ್ನೇ ತಗೊಳ್ಳಿ. ಅಜ್ಜಿ ರಾತ್ರಿ ಮಲಗುವಾಗ ಲೋಟದಲ್ಲಿ ಕಲಸಿ ಕುಡಿಯುತ್ತಿದ್ದ ಹೊಟ್ಟು ಅದು, ಗುಜರಾತಿನ ಹೊಲದಲ್ಲಿ ಬೆಳೆಯುತ್ತದೆ. ಅದನ್ನು ನೆದರ್‌ಲ್ಯಾಂಡ್ಸ್‌ನಲ್ಲಿ 275 ಜನರ ಮೇಲೆ ಪರೀಕ್ಷೆ ಮಾಡಿ, ಒಂದು ಗುಂಪಿಗೆ ಇಸಬ್ಗೋಲ್, ಒಂದಕ್ಕೆ ಗೋಧಿ ತೌಡು, ಒಂದಕ್ಕೆ ಸುಮ್ನೆ ಅಕ್ಕಿ ಹಿಟ್ಟು ಕೊಟ್ಟು ನೋಡಿದರು. 2009ರಲ್ಲಿ ಫಲಿತಾಂಶ ಬಂತು. ಇಸಬ್ಗೋಲ್ ಗೆದ್ದಿತ್ತು. ಗೋಧಿ ತೌಡು ತಗೊಂಡವರಲ್ಲಿ ಬಹಳ ಜನ ಹೊಟ್ಟೆ ಇನ್ನೂ ಕೆಟ್ಟಿತು ಅಂತ ನಡುವೆಯೇ ಬಿಟ್ಟು ಹೋಗಿದ್ದರು. "ನಾರಿನಂಶ ಜಾಸ್ತಿ ತಿನ್ನಿ" ಅಂತ ಸಾರಾಸಗಟಾಗಿ ಹೇಳುತ್ತಿದ್ದವರೆಲ್ಲ ಆಮೇಲೆ "ಯಾವ ನಾರು" ಅಂತ ಯೋಚನೆ ಮಾಡಬೇಕಾಯಿತು. ನೀರಿನಲ್ಲಿ ಕರಗಿ ಲೋಳೆಯಾಗುವ ನಾರು ಒಳ್ಳೆಯದು, ತೌಡಿನಂಥ ಒರಟು ನಾರು ಐಬಿಎಸ್‌ನವರಿಗೆ ಕಿರಿಕಿರಿ.

ಪೆಪ್ಪರ್‌ಮಿಂಟ್ ಎಣ್ಣೆ ಕಥೆಯೂ ಹಾಗೇ. ನಮಗೆ ಪೆಪ್ಪರ್‌ಮಿಂಟು ಅಂದರೆ ಅಂಗಡಿಯವನು ಚಿಲ್ಲರೆ ಇಲ್ಲ ಅಂತ ಕೈಗೆ ಕೊಡುವ ಮಿಠಾಯಿ. ಆದರೆ ಆ ಗಿಡದ ಎಣ್ಣೆಯಲ್ಲಿರುವ ಮೆಂತಾಲ್ ಕರುಳಿನ ಸ್ನಾಯುವಿನೊಳಗೆ ಕ್ಯಾಲ್ಸಿಯಂ ನುಗ್ಗುವ ಬಾಗಿಲನ್ನು ಮುಚ್ಚುತ್ತದೆ, ಸ್ನಾಯು ಸಡಿಲವಾಗುತ್ತದೆ, ಹಿಡಿತ ಬಿಡುತ್ತದೆ. ಹೊಟ್ಟೆಯಲ್ಲೇ ಬಿಚ್ಚಿಕೊಂಡರೆ ಎದೆಯುರಿ ಬರುತ್ತದೆ, ಹಾಗಾಗಿ ಕರುಳಿಗೆ ಹೋದ ಮೇಲೆ ಬಿಚ್ಚಿಕೊಳ್ಳುವ ಹಾಗೆ ಕ್ಯಾಪ್ಸೂಲ್‌ಗೆ ಹೊದಿಕೆ ಹಾಕುತ್ತಾರೆ. (ಅಡುಗೆಮನೆಯ ಪುದೀನ ಬೇರೆ, ಇದು ಬೇರೆ. ಪುದೀನ ಚಟ್ನಿ ತಿಂದು ಐಬಿಎಸ್ ಹೋಯಿತು ಅನ್ನುವವರನ್ನು ನಂಬಬೇಡಿ.) 2021ರಲ್ಲಿ ಅಮೆರಿಕದ ಹೊಟ್ಟೆ ಡಾಕ್ಟರುಗಳ ಸಂಘ, ಅಂದರೆ ಅಮೆರಿಕನ್ ಕಾಲೇಜ್ ಆಫ್ ಗ್ಯಾಸ್ಟ್ರೋಎಂಟರಾಲಜಿ, ತನ್ನ ಮಾರ್ಗಸೂಚಿಯಲ್ಲಿ ಪೆಪ್ಪರ್‌ಮಿಂಟ್ ಕೊಟ್ಟು ನೋಡಬಹುದು ಅಂತ ಬರೆಯಿತು. ಅದೇ ಮಾರ್ಗಸೂಚಿ, ಅಲ್ಲಿ ದಶಕಗಳಿಂದ ಬರೆಯುತ್ತಿದ್ದ ಕರುಳಿನ ಹಿಡಿತ ಬಿಡಿಸುವ ಮಾತ್ರೆಗಳನ್ನು ಬೇಡ ಅಂದಿತು. ಗಿಡದ ಎಣ್ಣೆ ಒಳಗೆ, ಮಾತ್ರೆ ಹೊರಗೆ! ಹಾಗಂತ ಪೆಪ್ಪರ್‌ಮಿಂಟ್ ರಾಮಬಾಣ ಅಂದುಕೊಳ್ಳಬೇಡಿ. 2020ರಲ್ಲಿ ನೆದರ್‌ಲ್ಯಾಂಡ್ಸ್‌ನವರು ಮಾಡಿದ ಒಂದು ಕಟ್ಟುನಿಟ್ಟಿನ ಪರೀಕ್ಷೆಯಲ್ಲಿ ಮೊದಲೇ ಹಾಕಿಕೊಂಡಿದ್ದ ಮುಖ್ಯ ಗುರಿಯನ್ನು ಅದು ಮುಟ್ಟಲಿಲ್ಲ.

ಸಮ್ಮೋಹನ ಅಂದರೆ ನಮ್ಮ ಕಣ್ಣಿಗೆ ಬರುವುದು ಲೋಲಕ ಆಡಿಸುವ ಮಾಂತ್ರಿಕ. 1984ರಲ್ಲಿ ಮ್ಯಾಂಚೆಸ್ಟರಿನ ಪೀಟರ್ ವೋರ್ವೆಲ್ ಮತ್ತು ಜೊತೆಗಾರರು, ಯಾವ ಮಾತ್ರೆಗೂ ಬಗ್ಗದ 30 ಐಬಿಎಸ್ ರೋಗಿಗಳಲ್ಲಿ ಅರ್ಧ ಜನರ ಮೇಲೆ ಇದನ್ನು ಪ್ರಯೋಗಿಸಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಾಗ ಎಷ್ಟೋ ಡಾಕ್ಟರುಗಳಿಗೆ ನಗು ಬಂದಿರಬೇಕು. ಅರ್ಧ ಗಂಟೆಯ ಏಳು ಭೇಟಿ. ಕಣ್ಣು ಮುಚ್ಚಿ, ಕೈ ಹೊಟ್ಟೆ ಮೇಲಿಟ್ಟು, ಆ ಬೆಚ್ಚಗಿನ ಭಾವ ಒಳಗೆ ಇಳಿಯುತ್ತಿದೆ, ಕರುಳು ಸಮಾಧಾನವಾಗಿ ಹರಿಯುವ ಹೊಳೆಯ ಥರ ಚಲಿಸುತ್ತಿದೆ ಅಂತ ಕಲ್ಪಿಸಿಕೊಳ್ಳುವ ಅಭ್ಯಾಸ ಅದು. ಫಲಿತಾಂಶ ನಗುವ ಹಾಗಿರಲಿಲ್ಲ. 2008ರಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ, ಔಷಧಿ ಕೊಟ್ಟು 12 ತಿಂಗಳಾದರೂ ಸುಧಾರಿಸದವರಿಗೆ ಸಮ್ಮೋಹನ ಚಿಕಿತ್ಸೆಯನ್ನೂ ಯೋಚಿಸಿ ಅಂತ ತನ್ನ ಮಾರ್ಗಸೂಚಿಯಲ್ಲಿ ಸೇರಿಸಿತು. ಅದೇ ಮಾರ್ಗಸೂಚಿಯಲ್ಲಿ ಅಕ್ಯುಪಂಕ್ಚರ್ ಮತ್ತು ಕಾಲಿನ ಪಾದ ಒತ್ತುವ ರಿಫ್ಲೆಕ್ಸಾಲಜಿಗೆ ಪ್ರೋತ್ಸಾಹ ಕೊಡಬೇಡಿ, ಲೋಳೆಸರವನ್ನೂ ಬೇಡ ಅನ್ನಿ ಅಂತಲೂ ಇತ್ತು. ಇದನ್ನು ಗಮನಿಸಿ. ಈ ನಾಲ್ಕೂ "ಪರ್ಯಾಯ"ವೇ. ಒಂದನ್ನು ಒಳಗೆ ಕರೆದರು, ಉಳಿದವನ್ನು ಬಾಗಿಲಲ್ಲೇ ನಿಲ್ಲಿಸಿದರು. ಯಾವ ಪದ್ಧತಿಯಿಂದ ಬಂತು ಅನ್ನುವುದು ಅಲ್ಲಿ ಲೆಕ್ಕಕ್ಕೆ ಬರಲಿಲ್ಲ, ಪರೀಕ್ಷೆಯಲ್ಲಿ ಏನಾಯಿತು ಅನ್ನುವುದು ಬಂತು.

ಪಥ್ಯದ ವಿಷಯವಂತೂ ನಮ್ಮವರಿಗೆ ಹೊಸದೇ ಅಲ್ಲ. ಆದರೆ ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಪೀಟರ್ ಗಿಬ್ಸನ್ ಮತ್ತು ಸೂ ಶೆಫರ್ಡ್ ಅವರ ತಂಡ ಅದಕ್ಕೊಂದು ಲೆಕ್ಕ ತಂದಿತು. ಸಣ್ಣ ಕರುಳಿನಲ್ಲಿ ಸರಿಯಾಗಿ ಹೀರಿಕೆಯಾಗದೆ ಮುಂದೆ ಹೋಗಿ ಹುಳಿಯುವ ಸಕ್ಕರೆಗಳಿಗೆ ಫಾಡ್‌ಮ್ಯಾಪ್ ಅಂತ ಹೆಸರಿಟ್ಟರು. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕಾಳುಗಳು, ಹಾಲು, ಸೇಬು, ಮಾವಿನಹಣ್ಣು. ಪಟ್ಟಿ ನೋಡಿದರೆ ಊಟಕ್ಕೆ ಇನ್ನೇನು ಉಳಿಯಿತು ಅನ್ನಿಸುತ್ತದೆ, ಅಲ್ವಾ? ಅದಕ್ಕೇ ಇದನ್ನು ಮೂರು ಹಂತದಲ್ಲಿ ಮಾಡುತ್ತಾರೆ. ಕೆಲವು ವಾರ ಎಲ್ಲ ಬಿಡುವುದು, ಆಮೇಲೆ ಒಂದೊಂದೇ ವಾಪಸ್ ತಂದು ಯಾವುದು ಕೈಕೊಡುತ್ತದೆ ಅಂತ ನೋಡುವುದು, ಕೊನೆಗೆ ಕೈಕೊಡುವುದನ್ನು ಮಾತ್ರ ಕಮ್ಮಿ ಮಾಡಿ ಉಳಿದದ್ದನ್ನು ತಿನ್ನುವುದು. ನಮ್ಮಲ್ಲಿ ಬಹಳ ಜನ ಮೊದಲನೇ ಹಂತದಲ್ಲೇ ವರ್ಷಗಟ್ಟಲೆ ಸಿಕ್ಕಿಕೊಂಡು ಬರೀ ಅನ್ನ-ತಿಳಿಸಾರಿನಲ್ಲಿ ಸೊರಗುತ್ತಾರೆ. ಅದು ತಪ್ಪು. ಒಂದು ಉಪಾಯ ಹೇಳುತ್ತೇನೆ: ಬೆಳ್ಳುಳ್ಳಿಯಲ್ಲಿ ತೊಂದರೆ ಕೊಡುವ ಸಕ್ಕರೆ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಒಗ್ಗರಣೆ ಎಣ್ಣೆಯಲ್ಲಿ ಬೆಳ್ಳುಳ್ಳಿ ಹುರಿದು, ಎಸಳು ತೆಗೆದುಹಾಕಿದರೆ ಪರಿಮಳ ಉಳಿಯುತ್ತದೆ, ಹೊಟ್ಟೆಯೂ ಉಳಿಯುತ್ತದೆ. ಎಸಳು ಸಾರಿನೊಳಗೆ ಕುದಿಯಬಾರದು, ಅಷ್ಟೇ. 2016ರಲ್ಲಿ ಮೊನಾಶ್‌ನವರೇ 74 ಜನರಲ್ಲಿ ಈ ಪಥ್ಯವನ್ನೂ ಸಮ್ಮೋಹನವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಎರಡರಲ್ಲೂ ನೂರಕ್ಕೆ 70ರ ಆಸುಪಾಸಿನ ಜನಕ್ಕೆ ಹಿತವಾಯಿತು. ಎರಡನ್ನೂ ಒಟ್ಟಿಗೆ ಮಾಡಿದವರಿಗೂ ಅಷ್ಟೇ, ಜಾಸ್ತಿ ಏನೂ ಆಗಲಿಲ್ಲ.

ಇಲ್ಲಿ ಒಂದು ದೊಡ್ಡ ತಕರಾರು ಬರುತ್ತದೆ, ಡಾಕ್ಟರುಗಳು ಹಿಂದೇಟು ಹಾಕುವುದೂ ಇಲ್ಲೇ. ಐಬಿಎಸ್ ಪರೀಕ್ಷೆಗಳಲ್ಲಿ ಔಷಧಿಯೇ ಇಲ್ಲದ ಹುಸಿ ಮಾತ್ರೆ, ಅಂದರೆ ಪ್ಲಸೀಬೊ, ತಗೊಂಡವರಲ್ಲೂ ನೂರಕ್ಕೆ ಸುಮಾರು 40 ಜನ "ಪರವಾಗಿಲ್ಲ, ಕಮ್ಮಿ ಆಯ್ತು" ಅಂತಾರೆ. ಸುಳ್ಳು ಹೇಳುತ್ತಿಲ್ಲ ಅವರು, ನಿಜವಾಗಿಯೂ ಕಮ್ಮಿ ಆಗಿರುತ್ತದೆ. ಈ ಕಾಯಿಲೆ ಏರಿಳಿತದ್ದು, ತೀರಾ ಜೋರಾದಾಗ ನಾವು ಡಾಕ್ಟರ ಹತ್ತಿರವೋ ನಾಟಿವೈದ್ಯರ ಹತ್ತಿರವೋ ಓಡುತ್ತೇವೆ, ಆಮೇಲೆ ಅದು ತಾನಾಗಿಯೂ ಇಳಿಯುತ್ತದೆ, ಕ್ರೆಡಿಟ್ಟು ಅವತ್ತು ಕುಡಿದದ್ದಕ್ಕೆ ಹೋಗುತ್ತದೆ. ಇದರ ಅರ್ಥ ಏನು ಗೊತ್ತಾ? ಯಾವ ಕಷಾಯವನ್ನೇ ಆಗಲಿ 100 ಜನಕ್ಕೆ ಕೊಡಿ, 40 ಜನ ನಿಮಗೆ ಕೈ ಮುಗಿಯುತ್ತಾರೆ. "ನನ್ನ ಹತ್ತಿರ ಬಂದ ಎಷ್ಟೋ ಜನಕ್ಕೆ ವಾಸಿಯಾಗಿದೆ" ಅನ್ನುವ ಮಾತು ಐಬಿಎಸ್ ವಿಷಯದಲ್ಲಿ ಪೂರ್ತಿ ನಿಜವಾಗಿದ್ದೂ ಏನನ್ನೂ ಸಾಬೀತು ಮಾಡುವುದಿಲ್ಲ. ಇದು ಎಂಬಿಬಿಎಸ್ ಡಾಕ್ಟರುಗಳಿಗೂ ಅಷ್ಟೇ ಅನ್ವಯ.

ಹಾರ್ವರ್ಡಿನ ಟೆಡ್ ಕಪ್ಚುಕ್ ಈ ನಲವತ್ತರ ಒಳಗೆ ಏನಿದೆ ಅಂತ ಬಿಚ್ಚಿ ನೋಡಲು ಹೊರಟರು. 2008ರಲ್ಲಿ ಪ್ರಕಟವಾದ ಅವರ ತಂಡದ ಪರೀಕ್ಷೆಯನ್ನು ನಾನು ಎಷ್ಟು ಸಲ ಓದಿದರೂ ಬೇಜಾರಾಗುವುದಿಲ್ಲ. 262 ಜನ ಐಬಿಎಸ್ ರೋಗಿಗಳು, ಮೂರು ಗುಂಪು. ಮೊದಲನೆಯವರನ್ನು ಸುಮ್ನೆ ಕಾಯುವ ಪಟ್ಟಿಯಲ್ಲಿ ಇಟ್ಟರು. ಎರಡನೆಯವರಿಗೆ ಹುಸಿ ಅಕ್ಯುಪಂಕ್ಚರ್, ಸೂಜಿ ಚರ್ಮದೊಳಗೆ ಹೋಗುವುದೇ ಇಲ್ಲ. ಮಾತೂ ಇಲ್ಲ, ಮೊದಲ ದಿನ ಐದು ನಿಮಿಷದೊಳಗೆ ಪರಿಚಯ ಮುಗಿಸಿ, "ಜಾಸ್ತಿ ಮಾತಾಡಬಾರದು ಅಂತ ನಮಗೆ ಹೇಳಿದ್ದಾರೆ" ಅಂತ ಕೆಲಸ ಶುರು. ಮೂರನೆಯವರಿಗೂ ಅದೇ ಹುಸಿ ಸೂಜಿ, ಆದರೆ ಮೊದಲ ದಿನ 45 ನಿಮಿಷ ಕೂತು ಮಾತು. ಯಾವಾಗ ಶುರುವಾಯಿತು, ಮನೆಯಲ್ಲಿ ಹೇಗಿದೆ, ಕೆಲಸಕ್ಕೆ ಹೇಗೆ ತೊಂದರೆ, ನಿಮಗೇನನ್ನಿಸುತ್ತದೆ ಇದಕ್ಕೆ ಕಾರಣ, ನಡುನಡುವೆ "ನಿಮ್ಮ ಕಷ್ಟ ಅರ್ಥವಾಗುತ್ತದೆ" ಅನ್ನುವುದು. ಮೂರು ವಾರದ ಮೇಲೆ ಸಾಕಷ್ಟು ಹಿತವಾಗಿದೆ ಅಂದವರು ಮೊದಲ ಗುಂಪಿನಲ್ಲಿ ನೂರಕ್ಕೆ 28, ಎರಡನೆಯದರಲ್ಲಿ 44, ಮೂರನೆಯದರಲ್ಲಿ 62. ಸೂಜಿ ಎರಡರಲ್ಲೂ ಒಂದೇ ಥರದ ಸುಳ್ಳು. 44ರಿಂದ 62ಕ್ಕೆ ಏರಿದ್ದು ಬರೀ ಕೂತು ಕೇಳಿದ್ದಕ್ಕೆ.

ಈಗ ನಮ್ಮ ಕಡೆ ಬನ್ನಿ. 67 ದೇಶಗಳಲ್ಲಿ ಒಬ್ಬ ರೋಗಿಗೆ ಡಾಕ್ಟರು ಎಷ್ಟು ಹೊತ್ತು ಕೊಡುತ್ತಾರೆ ಅಂತ ಲೆಕ್ಕ ಹಾಕಿದ ಒಂದು ವರದಿ 2017ರಲ್ಲಿ ಬಂತು. ಭಾರತದ ಪಾಲಿಗೆ ಬಂದದ್ದು ಸುಮಾರು 2 ನಿಮಿಷ. ಟೋಕನ್ ತಗೊಂಡು ಎರಡು ಗಂಟೆ ಕಾದು, ಒಳಗೆ ಹೋಗಿ, "ಎಷ್ಟು ದಿನದಿಂದ? ರಕ್ತ ಹೋಗ್ತಿದೆಯಾ? ಸರಿ, ಇದು ಹದಿನೈದು ದಿನ" ಅಂತ ಹೊರಗೆ ಬರುತ್ತೇವೆ. ಆಯುರ್ವೇದದವರ ಹತ್ತಿರ ಹೋದರೆ ನಾಡಿ ಹಿಡಿದು, ನಾಲಿಗೆ ನೋಡಿ, ನಿದ್ದೆ ಹೇಗೆ, ಹಸಿವು ಹೇಗೆ, ಕೋಪ ಬರುತ್ತದಾ ಅಂತೆಲ್ಲ ಅರ್ಧ ಗಂಟೆ ಕೂರಿಸಿಕೊಂಡು ಕೇಳುತ್ತಾರೆ. ಪರ್ಯಾಯ ಚಿಕಿತ್ಸೆ ನಾಟುತ್ತದೆ ಅಂತ ನಮಗೆ ಅನ್ನಿಸುವುದರಲ್ಲಿ ಈ ಅರ್ಧ ಗಂಟೆಯ ಪಾಲು ಎಷ್ಟು, ಕಷಾಯದ ಪಾಲು ಎಷ್ಟು ಅಂತ ಯಾರಾದರೂ ಯೋಚಿಸಬೇಕು.

ಕಪ್ಚುಕ್ ಅಲ್ಲಿಗೂ ನಿಲ್ಲಲಿಲ್ಲ. 2010ರಲ್ಲಿ 80 ಐಬಿಎಸ್ ರೋಗಿಗಳಲ್ಲಿ ಒಂದು ಗುಂಪಿಗೆ, ಇದರಲ್ಲಿ ಔಷಧಿ ಇಲ್ಲ, ಸಕ್ಕರೆ ಮಾತ್ರೆಯಂಥದ್ದು ಅಂತ ಮೊದಲೇ ಹೇಳಿ, ಬಾಟಲಿ ಮೇಲೆ ಪ್ಲಸೀಬೊ ಅಂತಲೇ ಬರೆದು ಕೊಟ್ಟರು. ಮೂರು ವಾರಕ್ಕೆ ಅವರಲ್ಲಿ ನೂರಕ್ಕೆ 59 ಜನಕ್ಕೆ ಹಿತವಾಯಿತು, ಏನೂ ಕೊಡದವರಲ್ಲಿ 35. ಸ್ವಲ್ಪ ಅನುಮಾನದಿಂದಲೇ ಓದಬೇಕಾದ ಫಲಿತಾಂಶ ಇದು, ಯಾಕೆಂದರೆ ಮನಸ್ಸು-ದೇಹದ ಹೊಸ ಥರದ ಚಿಕಿತ್ಸೆ ಅಂತ ಜಾಹೀರಾತು ನೋಡಿ ಬಂದ ಜನ ಅವರು, ನಂಬುವ ಮನಸ್ಸು ಮೊದಲೇ ಇತ್ತು. ಆದರೂ ರೋಗಿಗೆ ಸುಳ್ಳು ಹೇಳದೆಯೂ ಇಷ್ಟು ಆಗಬಹುದು ಅಂದ ಮೇಲೆ, ಸುಳ್ಳು ಹೇಳಿ ಭಸ್ಮ ಮಾರುವವರಿಗೆ ನೆಪ ಉಳಿಯುವುದಿಲ್ಲ.

ಆಯುರ್ವೇದಕ್ಕೆ ಪರೀಕ್ಷೆಯೇ ಆಗಿಲ್ಲ ಅನ್ನುವುದು ತಪ್ಪು. 1989ರಲ್ಲಿ ನಮ್ಮ ದೇಶದಲ್ಲೇ 169 ಐಬಿಎಸ್ ರೋಗಿಗಳ ಮೇಲೆ ಬಿಲ್ವ ಮತ್ತು ನೀರುಬ್ರಾಹ್ಮಿ ಸೇರಿಸಿದ ಔಷಧಿಯನ್ನು, ಆಗಿನ ಮಾಮೂಲಿ ಮಾತ್ರೆ ಹಾಗೂ ಇಸಬ್ಗೋಲ್ ಜೊತೆಗೆ, ಪ್ಲಸೀಬೊ ಜೊತೆಗೆ ಹೋಲಿಸಿದರು. ಆಯುರ್ವೇದದ್ದು ನೂರಕ್ಕೆ ಸುಮಾರು 65 ಜನಕ್ಕೆ, ಮಾಮೂಲಿ ಚಿಕಿತ್ಸೆ 78 ಜನಕ್ಕೆ, ಪ್ಲಸೀಬೊ 33 ಜನಕ್ಕೆ ಕೆಲಸ ಮಾಡಿತು. ಭೇದಿ ಜಾಸ್ತಿ ಇದ್ದವರಿಗೆ ಬಿಲ್ವದಿಂದ ಹೆಚ್ಚು ಉಪಯೋಗ ಆಯಿತು. ಅಂದರೆ ಚಿಕ್ಕಮ್ಮನ ವಿಡಿಯೊ ಪೂರ್ತಿ ಬುರುಡೆಯಲ್ಲ. ಆದರೆ ಔಷಧಿ ನಿಲ್ಲಿಸಿ 6 ತಿಂಗಳ ಮೇಲೆ ನೋಡಿದಾಗ, ಕಾಯಿಲೆ ಮರುಕಳಿಸುವುದನ್ನು ತಡೆಯುವುದರಲ್ಲಿ ಎರಡೂ ಪ್ಲಸೀಬೊಗಿಂತ ಮೇಲಿರಲಿಲ್ಲ. ಯೋಗಕ್ಕೂ ಇಂಥ ಸಣ್ಣ ಸಣ್ಣ ಪರೀಕ್ಷೆಗಳಿವೆ. ದೆಹಲಿಯ ಏಮ್ಸ್‌ನವರು 2004ರಲ್ಲಿ ಭೇದಿಯ ಐಬಿಎಸ್ ಇರುವ 22 ಗಂಡಸರಲ್ಲಿ ಕೆಲವರಿಗೆ ಭೇದಿ ನಿಲ್ಲಿಸುವ ಲೊಪೆರಮೈಡ್ ಮಾತ್ರೆ, ಕೆಲವರಿಗೆ ಆಸನ-ಪ್ರಾಣಾಯಾಮ ಕೊಟ್ಟು ಎರಡು ತಿಂಗಳು ನೋಡಿದರು, ಎರಡೂ ಕಡೆ ಸುಧಾರಣೆ ಕಂಡಿತು. 22 ಜನ ಅಂದರೆ ಒಂದು ಟೆಂಪೋ ಟ್ರಾವೆಲರ್ ತುಂಬುವಷ್ಟು. ಇಷ್ಟರಿಂದ ಡಂಗುರ ಹೊಡೆಯಬಾರದು, ಕಡೆಗಣಿಸಲೂಬಾರದು. ಖರ್ಚಿಲ್ಲ, ಅಪಾಯ ಕಮ್ಮಿ, ಹಾಗಾಗಿ ಡಾಕ್ಟರುಗಳು ಬೇಗ ಒಪ್ಪುತ್ತಾರೆ.

ಹೋಮಿಯೋಪಥಿಯಲ್ಲಿ ಏನು ಪರೀಕ್ಷೆ ಆಗಿದೆ ಅಂತ ಹುಡುಕಿದಾಗ ನನಗೆ ನಗು ತಡೆಯಲಾಗಲಿಲ್ಲ. ಮಲಬದ್ಧತೆಯ ಐಬಿಎಸ್‌ಗೆ 1970ರ ದಶಕದಲ್ಲಿ ಮಾಡಿದ ಎರಡು ಹಳೇ ಪರೀಕ್ಷೆಗಳಿವೆ, ಕೊಟ್ಟ ಔಷಧಿ ನಮ್ಮ ಇಂಗು! ಎರಡೂ ಸೇರಿಸಿ 129 ಜನ. ಎರಡು ವಾರಕ್ಕೆ ಇಂಗಿನ ಗುಂಪಿನಲ್ಲಿ ನೂರಕ್ಕೆ 73, ಪ್ಲಸೀಬೊ ಗುಂಪಿನಲ್ಲಿ 45 ಜನ ಸುಧಾರಿಸಿದರು. ಇವನ್ನು ಆಮೇಲೆ ಕೂಲಂಕಷವಾಗಿ ನೋಡಿದ ಕಾಕ್ರೇನ್ ಸಂಸ್ಥೆಯವರು, ಪರೀಕ್ಷೆ ನಡೆಸಿದ ರೀತಿ ಗಟ್ಟಿ ಇಲ್ಲ, ಇದನ್ನು ನಂಬಿ ಏನೂ ಹೇಳಲಾಗದು ಅಂದರು. ಅಮ್ಮನಿಗೆ ಮೊದಲರ್ಧ ಮಾತ್ರ ಹೇಳಿದ್ದೇನೆ.

ಪ್ರೋಬಯಾಟಿಕ್, ಅಂದರೆ ಹೊಟ್ಟೆಗೆ ಒಳ್ಳೆಯದು ಅಂತ ಕೊಡುವ ಜೀವಂತ ಬ್ಯಾಕ್ಟೀರಿಯಾ, ಇದರ ವಿಷಯದಲ್ಲಂತೂ ಡಾಕ್ಟರುಗಳೇ ಒಬ್ಬರಿಗೊಬ್ಬರು ಒಪ್ಪುವುದಿಲ್ಲ. 2021ರಲ್ಲಿ ಅಮೆರಿಕದವರ ಮಾರ್ಗಸೂಚಿ ಬೇಡ ಅಂದಿತು, ಅದೇ ವರ್ಷ ಬ್ರಿಟನ್ನಿನವರದು 12 ವಾರದವರೆಗೆ ಕೊಟ್ಟು ನೋಡಿ, ಆಗದಿದ್ದರೆ ನಿಲ್ಲಿಸಿ ಅಂದಿತು. ಕೈಯಲ್ಲಿ ಹಿಡಿದಿದ್ದು ಹೆಚ್ಚು ಕಮ್ಮಿ ಅದೇ ಪರೀಕ್ಷೆಗಳು.

ಸರಿ, ಇಷ್ಟೆಲ್ಲ ತೆರೆದ ಮನಸ್ಸಿನ ಡಾಕ್ಟರೂ "ಬೇಡ" ಅನ್ನುವುದು ಯಾವಾಗ? ಮೊದಲನೆಯದು, ಇದು ಐಬಿಎಸ್ ಹೌದೋ ಅಲ್ಲವೋ ಅಂತ ಗೊತ್ತಾಗುವ ಮುಂಚೆ ಬೇರೆ ಕಡೆ ಹೋದಾಗ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಜ್ವರ, ನಿದ್ದೆಯಿಂದ ಎಬ್ಬಿಸುವ ಭೇದಿ, 50ರ ಹತ್ತಿರ ಬಂದ ಮೇಲೆ ಹೊಸದಾಗಿ ಶುರುವಾಗಿದ್ದು, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದು, ಇವು ಯಾವುದೇ ಇದ್ದರೆ ಅದು ಐಬಿಎಸ್ ಅಂತ ಸುಮ್ಮನಿರುವ ಹಾಗಿಲ್ಲ. ನಮ್ಮ ದೇಶದಲ್ಲಿ ಕರುಳಿನ ಕ್ಷಯ ಕೂಡ ಇದೇ ವೇಷದಲ್ಲಿ ಬರುತ್ತದೆ. ಹಾಲು ಅರಗದವರ ಸಂಖ್ಯೆಯೂ ಇಲ್ಲಿ ಜಾಸ್ತಿ, ಅವರಿಗೆ ಬೇಕಾದ್ದು ಹಾಲು, ಹಾಲು ಹಾಕಿದ ಕಾಫಿ-ಟೀ ಬಿಟ್ಟು ನೋಡುವುದು ಅಷ್ಟೇ. ಆರು ತಿಂಗಳು ಚೂರ್ಣ ತಿಂದು ಆಮೇಲೆ ಬಂದರೆ ಕೆಲವು ಕಾಯಿಲೆಗಳಲ್ಲಿ ಆ ಆರು ತಿಂಗಳು ವಾಪಸ್ ಸಿಗುವುದಿಲ್ಲ.

ಎರಡನೆಯದು, ಡಬ್ಬಿಯೊಳಗೆ ಏನಿದೆ ಅಂತ ಗೊತ್ತಿಲ್ಲದಾಗ. 2004ರಲ್ಲಿ ಅಮೆರಿಕದ ಬಾಸ್ಟನ್ ಸುತ್ತಮುತ್ತಲಿನ ಅಂಗಡಿಗಳಿಂದ ದಕ್ಷಿಣ ಏಷ್ಯಾದಲ್ಲಿ ತಯಾರಾದ 70 ಆಯುರ್ವೇದ ಔಷಧಿಗಳನ್ನು ಕೊಂಡು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಸೀಸ ಸೇರಿದರೆ ಬರುವ ಲಕ್ಷಣಗಳಲ್ಲಿ ಹೊಟ್ಟೆನೋವು, ಮಲಬದ್ಧತೆ ಮೊದಲನೆಯವು. ವಿಪರ್ಯಾಸ ನೋಡಿ, ಹೊಟ್ಟೆನೋವಿಗೆ ತಗೊಂಡಿದ್ದೇ ಹೊಟ್ಟೆನೋವು ತರಬಹುದು. ಇನ್ನು ಗಿಡಮೂಲಿಕೆ ಅಂದ ಮಾತ್ರಕ್ಕೆ ಸೌಮ್ಯ ಅಂತಲೂ ಇಲ್ಲ. ಹೊಟ್ಟೆ ಸ್ವಚ್ಛ ಮಾಡುವ ಎಷ್ಟೋ ಚೂರ್ಣಗಳಲ್ಲಿ ಸೋನಾಮುಖಿ ಇರುತ್ತದೆ, ಅದು ಕರುಳನ್ನು ಚುಚ್ಚಿ ಓಡಿಸುವ ಜೋರು ವಿರೇಚಕ. ಅತಿಮಧುರ ಜಾಸ್ತಿ ದಿನ ತಗೊಂಡರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ.

ನಮ್ಮ ದೇಶದಲ್ಲಿ ಮೂರನೆಯ ಒಂದು ತೊಡಕಿದೆ, ಕಾನೂನು. ಹೋಮಿಯೋಪಥಿ ಓದಿದವರು ಅಲೋಪಥಿ ಔಷಧಿ ಕೊಟ್ಟ ಪ್ರಕರಣವೊಂದರಲ್ಲಿ 1996ರಲ್ಲಿ ಸುಪ್ರೀಂ ಕೋರ್ಟು, ತಾನು ಓದದ ಪದ್ಧತಿಯಲ್ಲಿ ಚಿಕಿತ್ಸೆ ಕೊಡುವುದೇ ನಿರ್ಲಕ್ಷ್ಯ ಅಂತ ಖಡಾಖಂಡಿತವಾಗಿ ಹೇಳಿತು. ಹಾಗಾಗಿ ಎಂಬಿಬಿಎಸ್ ಡಾಕ್ಟರು "ಆಯುರ್ವೇದದ್ದು ನನಗೆ ಗೊತ್ತಿಲ್ಲ" ಅಂದರೆ ಅದು ಯಾವಾಗಲೂ ಜಂಬ ಅಲ್ಲ, ಕೆಲವು ಸಲ ಬರೀ ಪ್ರಾಮಾಣಿಕತೆ. (ಲಿವರ್‌ಗೆ ಅಂತ ಲಿವ್ 52 ಅನ್ನುವ ಆಯುರ್ವೇದದ ಮಾತ್ರೆ ಬರೆಯುವಾಗ ಈ ಸಂಕೋಚ ಎಲ್ಲಿ ಹೋಗುತ್ತದೋ ಗೊತ್ತಿಲ್ಲ.) ಎರಡೂ ಕಡೆಯವರು ಒಂದೇ ಸೂರಿನಡಿ ಕೂತು ನೋಡುವ ಪ್ರಯತ್ನಗಳೂ ನಡೆದಿವೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಯೋಗ ಮತ್ತು ಆಯುರ್ವೇದ ಸೇರಿದ ಇಂಟಿಗ್ರೇಟಿವ್ ಮೆಡಿಸಿನ್ ವಿಭಾಗವೇ ಇದೆ.

ತಪ್ಪು ಡಾಕ್ಟರದ್ದು ಮಾತ್ರ ಅನ್ನುವ ಹಾಗೂ ಇಲ್ಲ. 1990ರಲ್ಲಿ ಅಮೆರಿಕದಲ್ಲಿ ಮಾಡಿದ ಒಂದು ಸಮೀಕ್ಷೆ ಪ್ರಕಾರ ಇಂಥ ಚಿಕಿತ್ಸೆ ತಗೊಳ್ಳುತ್ತಿದ್ದವರಲ್ಲಿ ನೂರಕ್ಕೆ 72 ಜನ ಅದನ್ನು ತಮ್ಮ ಡಾಕ್ಟರಿಗೆ ಹೇಳಿರಲಿಲ್ಲ. ನಾನೂ ಅದೇ ಜಾತಿಯವನೇ. ಆದರೆ ಮೇಡಂ ನನ್ನ "ಇಲ್ಲ" ನಂಬಲಿಲ್ಲ ಅನ್ನಿಸುತ್ತದೆ. "ಸರಿ, ಮುಂದಿನ ಸಲ ಬರುವಾಗ ಮನೇಲಿರೋ ಡಬ್ಬಿ ಎಲ್ಲಾ ತನ್ನಿ, ಬೈಯಲ್ಲ" ಅಂದರು. ತಗೊಂಡು ಹೋದೆ. ಚೂರ್ಣದ ಡಬ್ಬಿ ತಿರುಗಿಸಿ, ಸಣ್ಣ ಅಕ್ಷರ ಓದಲು ಕನ್ನಡಕ ಏರಿಸಿ, "ಭೇದಿ ಅಂತ ಬಂದು ಸೋನಾಮುಖಿ ತಿಂತಿದ್ದೀರಲ್ರೀ" ಅಂದರು. ಅದು ಅವತ್ತೇ ನಿಂತಿತು, ಅರ್ಧ ಭೇದಿ ಅದರ ಜೊತೆಗೇ ಹೋಯಿತು. ಇಸಬ್ಗೋಲ್ ಸರಿ, ಮುಂದುವರಿಸಿ. ಬಿಲ್ವ ತಗೊಳ್ಳಲೇಬೇಕು ಅಂದರೆ ನಾಲ್ಕು ವಾರ, ದಿನಾ ಡೈರಿಯಲ್ಲಿ ಬರೆದಿಡಿ, ಉಪಯೋಗ ಇಲ್ಲ ಅಂದರೆ ಬಿಡಿ, ಬೇರೆ ಏನನ್ನೂ ಅದರ ಜೊತೆಗೆ ಹೊಸದಾಗಿ ಶುರು ಮಾಡಬೇಡಿ, ಯಾವುದರಿಂದ ಏನಾಯ್ತು ಅಂತ ಗೊತ್ತಾಗಲ್ಲ. ಇಷ್ಟನ್ನೂ ನನ್ನ ಫೈಲಿನಲ್ಲಿ ಅವರ ಕೈಯಲ್ಲೇ ಬರೆದರು. ಹತ್ತು ನಿಮಿಷ ಹಿಡಿದಿರಬಹುದು.

ಕೊನೆಗೆ ಇಂಗಿನ ಡಬ್ಬಿ. ಅದನ್ನೂ ತಂದಿದ್ದೀರಾ ಅಂತ ನಕ್ಕು, ತಿರುಗಿಸಿ ನನಗೇ ತೋರಿಸಿದರು. ಅಂಟು, ಗೋಧಿ ಹಿಟ್ಟು, ಆಮೇಲೆ ಇಂಗು. ಗೋಧಿ ಬಿಟ್ಟು ಮೂರು ವಾರವಾಗಿತ್ತು ನಾನು, ಚಪಾತಿ ಕಡೆ ಕಣ್ಣೆತ್ತಿ ನೋಡಿರಲಿಲ್ಲ. "ಒಂದು ಚಿಟಿಕೆಯಿಂದ ಏನೂ ಆಗಲ್ಲ, ತಲೆ ಕೆಡಿಸ್ಕೋಬೇಡಿ. ಮಜ್ಜಿಗೆ ಮಾತ್ರ ಎರಡು ವಾರ ಬಿಟ್ಟು ನೋಡಿ" ಅಂದರು. ಮನೆಗೆ ಬಂದು ಹೇಳಿದೆ. ಅಮ್ಮ ಈಗ ಇಂಗನ್ನು ಬಿಸಿನೀರಿಗೆ ಹಾಕಿ ಕೊಡುತ್ತಾಳೆ. ರುಚಿ ಮಾತ್ರ ಕೇಳಬೇಡಿ.